ತೆಳುಪದರದ ಡೆಲ್ಟಾ ಮರಳುಗಲ್ಲು: ಔಟ್‌ಕ್ರಾಪ್‌ನಿಂದ ಯಾವ ಅಂಕಿ ತಗೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಸರ್. 10 ಮೀಟರ್ ದಪ್ಪದ ಡೆಲ್ಟಾ ರಿಸರ್ವಾಯರ್ (ಹಳೆಯ ನದೀಮುಖದಲ್ಲಿ ಕೂಡಿದ, ಈಗ ನೆಲದಡಿ ಎಣ್ಣೆ ಹಿಡಿದಿರುವ ಕಲ್ಲು). ಮರಳು, ಶೇಲ್ (ಗಟ್ಟಿಯಾದ ಜೇಡಿಮಣ್ಣಿನ ಕಲ್ಲು) ಎರಡೂ 5–10 ಸೆಂ.ಮೀ. ಪದರಗಳಾಗಿ ಒಂದರ ಮೇಲೊಂದು ಕೂತಿವೆ. ಬಾವಿಗಳ ಅಂತರ 500 ಮೀಟರ್. ರೆಸಿಸ್ಟಿವಿಟಿ (ವಿದ್ಯುತ್ತಿಗೆ ಕಲ್ಲು ಒಡ್ಡುವ ತಡೆ, ಎಣ್ಣೆ ಇದ್ದರೆ ಸಾಮಾನ್ಯವಾಗಿ ಹೆಚ್ಚಿರುತ್ತದೆ) 2 ಓಮ್-ಮೀಟರ್ ದಾಟುವುದಿಲ್ಲ, ಆದರೂ ಟೆಸ್ಟ್ ಮಾಡಿದರೆ ಎಣ್ಣೆ ಬರುತ್ತಿದೆ. ಅಮೆರಿಕದ ಯೂಟಾದಲ್ಲಿ ನೆಲದ ಮೇಲೆಯೇ ಕಾಣುವ ಬಂಡೆಯಾಗಿರುವ (ಔಟ್‌ಕ್ರಾಪ್) ಫೆರಾನ್ ಮರಳುಗಲ್ಲನ್ನು ಹೋಲಿಕೆಗೆ ಇಟ್ಟುಕೊಂಡು ಮಾಡೆಲ್ ಕಟ್ಟಲು ಹೇಳಿದ್ದಾರೆ. ಆ ಬಂಡೆಯಿಂದ ಏನನ್ನು ನಂಬಬಹುದು?

ಉತ್ತರ: ರೆಸಿಸ್ಟಿವಿಟಿ ಕಡಿಮೆ ಇರುವುದಕ್ಕೆ ಗಾಬರಿ ಬೇಡ. ಲಂಬ ಬಾವಿಯಲ್ಲಿ ಸಾಮಾನ್ಯ ಇಂಡಕ್ಷನ್ ಲಾಗ್‌ನ (ಬಾವಿಯೊಳಗೆ ಇಳಿಸಿ ರೆಸಿಸ್ಟಿವಿಟಿ ಅಳೆಯುವ ಉಪಕರಣದ) ಕರೆಂಟು ಪದರಗಳ ಉದ್ದಕ್ಕೇ ಹರಿಯುತ್ತದೆ, ಅದಕ್ಕೆ ಶೇಲ್ ಸಲೀಸು ದಾರಿ. ಶೇಲ್ 1, ಎಣ್ಣೆ ತುಂಬಿದ ಮರಳು 20 ಓಮ್-ಮೀಟರ್, ಎರಡೂ ಅರ್ಧರ್ಧ ಅಂದುಕೊಳ್ಳಿ. ಲಾಗ್ ತೋರಿಸುವುದು 1.9 ಮಾತ್ರ. ಪದರಗಳಿಗೆ ಅಡ್ಡಲಾಗಿ ಅಳೆದರೆ ಅದೇ ಕಲ್ಲು 10.5. ಹಾಗಾಗಿ ಟ್ರೈಆಕ್ಸಿಯಲ್ ಇಂಡಕ್ಷನ್ (ಪದರಗಳಿಗೆ ಅಡ್ಡಲಾಗಿಯೂ ಅಳೆಯುವುದು), ಇಮೇಜ್ ಲಾಗ್ (ಬಾವಿಗೋಡೆಯ ಚಿತ್ರ), ಸ್ವಲ್ಪವಾದರೂ ಕೋರ್ (ಬಾವಿಯಿಂದ ಕೊರೆದು ತೆಗೆದ ಕಲ್ಲು) ಬೇಕೇ ಬೇಕು.

ಔಟ್‌ಕ್ರಾಪ್‌ನಿಂದ ತಗೊಳ್ಳಬೇಕಾದ್ದು ಆಕಾರ: ಶೇಲ್ ಪದರ ಎಷ್ಟು ದೂರ ಹೋಗುತ್ತದೆ, ಯಾವ ಕಡೆ ಇಳಿಯುತ್ತದೆ. ಸುಮಾರು 9 ಕೋಟಿ ವರ್ಷ ಹಳೆಯ ಫೆರಾನ್‌ನ ಐವಿ ಕ್ರೀಕ್ ಬಳಿ ಡೆಲ್ಟಾದ ಇಳಿಜಾರು ಪದರಗಳು ಕಡಿದಾದ ಬಂಡೆಮುಖದಲ್ಲಿ ಕಣ್ಣಿಗೇ ಕಾಣುತ್ತವೆ. ಬರೀ 3 ಡಿಗ್ರಿ ಇಳಿಜಾರು ಇದ್ದರೂ ಒಂದು ಶೇಲ್ ಹೊದಿಕೆ ನಿಮ್ಮ 10 ಮೀಟರ್ ಮರಳನ್ನು ಮೇಲಿಂದ ತಳದವರೆಗೆ ಸುಮಾರು 190 ಮೀಟರಿನಲ್ಲೇ ದಾಟಿಬಿಡುತ್ತದೆ. ಅಂದರೆ ಇಳಿಜಾರಿನ ದಿಕ್ಕಿನಲ್ಲಿರುವ ಎರಡು ಬಾವಿಗಳಲ್ಲಿ ಸಿಕ್ಕಿದ ಶೇಲ್ ಒಂದೇ ಆಗಿರಲಾರದು. ಲಾಗ್‌ನಲ್ಲಿ ಒಂದೇ ಮಟ್ಟದಲ್ಲಿವೆ ಎಂದು ಅಡ್ಡಗೆರೆ ಎಳೆದಿರೋ, ಮಾಡೆಲ್ ಅಲ್ಲೇ ಕೆಟ್ಟಿತು. ನೀರು ಇಂಜೆಕ್ಟ್ ಮಾಡಿದಾಗ ಒತ್ತಡ ನಡುವಿನ ಶೇಲ್ ದಾಟಿ ಪಕ್ಕದ ಬಾವಿಗೆ ಯಾಕೆ ಮುಟ್ಟಲಿಲ್ಲ ಎಂಬುದು ಆಮೇಲೆ ತಿಳಿಯುವುದೇ ಇಲ್ಲ.

ಪೊರೊಸಿಟಿ (ಕಲ್ಲಿನಲ್ಲಿ ರಂಧ್ರಗಳ ಪಾಲು), ಪರ್ಮಿಯಬಿಲಿಟಿ (ದ್ರವವನ್ನು ಹರಿಯಬಿಡುವ ಗುಣ) ಮಾತ್ರ ಬಂಡೆಮುಖದಿಂದ ತರಬೇಡಿ. ಮಳೆಗಾಳಿಗೆ ಮರಳುಕಣಗಳನ್ನು ಅಂಟಿಸಿದ ಸಿಮೆಂಟ್ ಕರಗಿರುತ್ತದೆ, ಇಲ್ಲವೇ ಮೇಲ್ಮೈ ಗಟ್ಟಿಕಟ್ಟಿರುತ್ತದೆ. ಆ ಅಂಕಿಗಳು ನಿಮ್ಮ ಕೋರ್‌ನಿಂದಲೇ ಬರಬೇಕು.

ಮರುಪ್ರಶ್ನೆ: ಫೀಲ್ಡಿನಲ್ಲಿ ಎಲ್ಲಿ ತಪ್ಪುತ್ತದೆ, ಸರ್?

ಉತ್ತರ: ಮುಖ್ಯವಾಗಿ ಶೇಲ್ ಅಳೆಯುವಲ್ಲಿ. ಮರಳುಗಲ್ಲು ಮುಂದಕ್ಕೆ ಚಾಚಿ ನಿಲ್ಲುತ್ತದೆ, ಶೇಲ್ ಉದುರಿ ಕಲ್ಲುಪುಡಿಯಡಿ ಮುಚ್ಚಿಹೋಗುತ್ತದೆ. ಕಂಡಷ್ಟನ್ನೇ ಬರೆದರೆ ಮರಳಿನ ಪಾಲು ಹೆಚ್ಚಾಗುತ್ತದೆ. ಸನಿಕೆ ಹಿಡಿದು ತಾಜಾ ಕಲ್ಲು ಸಿಗುವವರೆಗೆ ಅಗೆಯಿರಿ. 1 ಸೆಂ.ಮೀ. ಪದರವನ್ನೂ ಬಿಡದೆ, ಕಣದ ಗಾತ್ರದ ಕಾರ್ಡು, 10 ಪಟ್ಟಿನ ಲೆನ್ಸ್ ಇಟ್ಟು ಬರೆಯಿರಿ. ಪೋರ್ಟಬಲ್ ಗಾಮಾ ಮೀಟರನ್ನು (ಕಲ್ಲಿನ ಸಹಜ ವಿಕಿರಣ ಅಳೆಯುವುದು, ಶೇಲ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು) 10–20 ಸೆಂ.ಮೀ.ಗೆ ಒಮ್ಮೆ ಸಮತಟ್ಟಾದ ಮುಖಕ್ಕೆ ಒತ್ತಿ ಹಿಡಿಯಿರಿ. ಮೂಲೆಯಲ್ಲಿ ಹಿಡಿದರೆ ಎರಡೂ ಬದಿಯ ಕಲ್ಲು ಸೇರಿ ರೀಡಿಂಗ್ ಏರುತ್ತದೆ.

ಇನ್ನೊಂದು, ಅಗಲ. ಬಂಡೆಮುಖ ಹಳೆಯ ಹರಿವಿನ ದಿಕ್ಕಿಗೆ 30 ಡಿಗ್ರಿ ಓರೆಯಾಗಿದ್ದರೆ 200 ಮೀಟರ್ ಕಾಣುವ ಕಾಲುವೆ ನಿಜದಲ್ಲಿ 100 ಮೀಟರ್. ಹರಿವಿನ ದಿಕ್ಕನ್ನು ಅಡ್ಡಪದರಗಳಿಂದ (ಹರಿವು ಮರಳಿನಲ್ಲಿ ಬಿಟ್ಟ ಓರೆ ಪದರಗಳು) ಅಳೆದು, ಕಂಡ ಅಗಲವನ್ನು ಆ ಓರೆಕೋನದ ಸೈನ್‌ನಿಂದ ಗುಣಿಸಿ. ಬಂಡೆಯ ಅಂಚಿನಲ್ಲಿ ಕಡಿದುಹೋದ ಪದರಕ್ಕೆ ‘ಕನಿಷ್ಠ’ ಎಂದು ಗುರುತು ಹಾಕಿ, ಪೂರ್ತಿ ಕಂಡವುಗಳ ಜೊತೆ ಬೆರೆಸಬೇಡಿ.

ಇನ್ನೊಬ್ಬರು: ಬಾದಾಮಿಯ ಬಂಡೆಗಳು ಹತ್ತಿರ ಇವೆಯಲ್ಲ, ಅವು ಆಗಲ್ವಾ?

ಉತ್ತರ: ಅಡ್ಡಪದರ ಗುರುತಿಸುವುದನ್ನು, ದಿಕ್ಸೂಚಿ ಹಿಡಿಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಒಳ್ಳೆಯ ಜಾಗ. ಆದರೆ ಗುಹಾಲಯಗಳನ್ನು ಕೊರೆದಿರುವ ಆ ಮರಳು ಹೆಚ್ಚಾಗಿ ನದಿಗಳು ಹಾಸಿದ್ದು, ನೆಲದ ಮೇಲೆ ಗಿಡಮರ ಹುಟ್ಟುವ ಮೊದಲಿನದು. ದಡ ಹಿಡಿಯಲು ಬೇರುಗಳಿಲ್ಲದ ಕಾಲದ ನದಿಯ ಅಗಲ-ದಪ್ಪದ ಲೆಕ್ಕವನ್ನು ನಿಮ್ಮ ಡೆಲ್ಟಾ ಮಾಡೆಲ್‌ಗೆ ಹಾಕಬೇಡಿ.