ದೊಡ್ಡವರಾದ ಮೇಲೆ ಆಟಿಸಂ ಪರೀಕ್ಷೆ: ಬಾಲ್ಯದ ವಿವರ ಬರೆದುಕೊಂಡು ಹೋಗೋದು ಹೇಗೆ?

ಕಾಗದದೋಣಿ:
ವಯಸ್ಸು 34. ಮುಂದಿನ ತಿಂಗಳು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗೋದಿದೆ. ಚಿಕ್ಕಂದಿನ ವಿವರ ಬರೆದುಕೊಂಡು ಬನ್ನಿ ಅಂದಿದ್ದಾರೆ. ಏನು ಬರೀಬೇಕು, ಎಷ್ಟು ಬರೀಬೇಕು? ಆನ್‌ಲೈನ್ ಟೆಸ್ಟಿನ ಅಂಕ ತೋರಿಸಿದ್ರೆ ಸಾಲದಾ?

ಹಳೇಸ್ಲೇಟು:
ಎರಡು ಹಾಳೆ, ಹೆಚ್ಚೆಂದರೆ ಮೂರು. ಆತ್ಮಕಥೆ ಆಮೇಲೆ ನಿಧಾನಕ್ಕೆ ಬರೀಬಹುದು.

ಶಾಲೆಗೆ ಸೇರೋ ಮುಂಚೆ, ಪ್ರೈಮರಿ, ಹೈಸ್ಕೂಲು, ಕಾಲೇಜು, ಕೆಲಸ ಅಂತ ಭಾಗ ಮಾಡಿ. ಮೊದಲೆರಡಕ್ಕೇ ಅರ್ಧ ಜಾಗ ಕೊಡಿ. ಲಕ್ಷಣ ಎಳವೆಯಿಂದಲೇ ಇತ್ತು ಅನ್ನೋದು ಕಾಣಬೇಕು. ‘ಸಂಕೋಚದ ಸ್ವಭಾವ’, ‘ಹಟಮಾರಿ’ ಇಂಥವು ಬೇಡ. ‘ಎಲೆಯಲ್ಲಿ ಹುಳಿ ಹರಿದು ಪಲ್ಯಕ್ಕೆ ತಾಗಿದರೆ ಊಟ ಬಿಟ್ಟು ಏಳೋದು, ಏಳನೇ ಕ್ಲಾಸಿನವರೆಗೂ’ – ಹೀಗೆ ಬರೆದರೆ ಅವರಿಗೆ ಕೆಲಸಕ್ಕೆ ಬರುತ್ತೆ.

ಬಹಳ ಜನ ಎಡವೋದು ಎಲ್ಲಿ ಅಂದ್ರೆ, ಗೆಳೆಯರಿರಲಿಲ್ಲ, ಮಾತಾಡೋಕೆ ಕಷ್ಟ ಅನ್ನೋದರಲ್ಲೇ ಹಾಳೆ ಮುಗಿಸ್ತಾರೆ. ಅಷ್ಟನ್ನೇ ಓದಿದವರಿಗೆ ಸೋಷಿಯಲ್ ಆಂಗ್ಸೈಟಿ (ಜನರ ನಡುವೆ ಬೆರೆಯೋಕೆ ವಿಪರೀತ ಭಯ) ಅನ್ನಿಸಬಹುದು. ಡಿಎಸ್‌ಎಂ-5ರಲ್ಲಿ (ಮಾನಸಿಕ ಸಮಸ್ಯೆ ಗುರುತಿಸೋಕೆ ವೈದ್ಯರು ಬಳಸೋ ಅಮೆರಿಕದ ಕೈಪಿಡಿ) ಸಾಮಾಜಿಕ ಸಂವಹನದ ಮೂರೂ ಅಂಶದಲ್ಲಿ – ಮಾತು-ಭಾವ ಹಂಚಿಕೊಳ್ಳೋದು, ಕಣ್ಣೋಟ-ಸನ್ನೆ, ಗೆಳೆತನ ಬೆಳೆಸಿ ಉಳಿಸಿಕೊಳ್ಳೋದು – ತೊಂದರೆ ಇರಬೇಕು, ಜೊತೆಗೆ ಇನ್ನೊಂದು ಗುಂಪಿನ ನಾಲ್ಕರಲ್ಲಿ ಎರಡಾದರೂ ಬೇಕು: ಅದೇ ಚಲನೆ ಅಥವಾ ಅದೇ ಮಾತು ಮತ್ತೆಮತ್ತೆ, ದಿನಚರಿ ತಪ್ಪಿದರೆ ತಡೆಯಲಾಗದಿರೋದು, ಒಂದೇ ವಿಷಯದ ಹುಚ್ಚು, ಸದ್ದು-ಬೆಳಕು-ಸ್ಪರ್ಶ ವಿಪರೀತ ತಟ್ಟೋದು ಅಥವಾ ತಟ್ಟದೇ ಇರೋದು. ಯೂನಿಫಾರಂ ಕಾಲರಿನ ಲೇಬಲ್ ಕತ್ತರಿಸಿಕೊಡೋ ತನಕ ಹಾಕಿಕೊಳ್ತಿರಲಿಲ್ಲ ಅನ್ನೋದು ಇಲ್ಲಿಗೆ ಸೇರುತ್ತೆ.

ಮೂರನೇಬೆಂಚು:
ಹಳೇಸ್ಲೇಟು ಹೇಳಿದ್ದಕ್ಕೆ ಒಂದು ಸೇರ್ಪಡೆ. ನಟಿಸಿ ನಿಭಾಯಿಸಿದ್ದನ್ನೂ ಬರೀರಿ. ಮದುವೆ ಮನೆಯಲ್ಲಿ ಎಲ್ಲರ ಜೊತೆ ನಗುನಗುತ್ತಾ ಇದ್ದು, ಮನೆಗೆ ಬಂದು ಎರಡು ದಿನ ಬಾಗಿಲು ಹಾಕಿಕೊಂಡು ಮಲಗಿದರೆ ಆ ಎರಡು ದಿನವೂ ಲೆಕ್ಕಕ್ಕೆ ಬರಬೇಕು. ಇಲ್ಲದಿದ್ದರೆ ‘ಚೆನ್ನಾಗೇ ಬೆರೀತೀರಲ್ಲ’ ಅಂತಾರೆ.

ಆನ್‌ಲೈನ್ ಅಂಕದ ವಿಷಯ: ಎಕ್ಯೂ (ಆಟಿಸಂ ಲಕ್ಷಣ ತಾವೇ ನೋಡಿಕೊಳ್ಳೋ ಪ್ರಶ್ನಾವಳಿ) ಅನ್ನೋದರಲ್ಲಿ 50 ಪ್ರಶ್ನೆ, 32 ಅಥವಾ ಹೆಚ್ಚು ಬಂದರೆ ಪರೀಕ್ಷೆ ಮಾಡಿಸೋದು ಒಳ್ಳೇದು ಅಂತಷ್ಟೇ ಅರ್ಥ. ಎಡಿಎಚ್‌ಡಿ (ಗಮನ ನಿಲ್ಲದಿರೋ, ಚಡಪಡಿಸೋ ತೊಂದರೆ), ಆತಂಕ ಇದ್ದವರಿಗೂ ಅಂಕ ಏರಬಹುದು.

ಡಯಾಗ್ನೊಸಿಸ್ ಬೇರೆ, ಅಂಗವೈಕಲ್ಯದ ಸರ್ಟಿಫಿಕೇಟ್ ಬೇರೆ, ಇದನ್ನ ಮೊದಲೇ ತಿಳಿದುಕೊಂಡಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಇದೆ, ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ವೈಕಲ್ಯ ಕನಿಷ್ಠ 40% ಆಗಬೇಕು. ಅಳೆಯೋದು ಐಎಸ್‌ಎಎ (ಭಾರತದಲ್ಲೇ ರೂಪಿಸಿದ ಆಟಿಸಂ ಅಳತೆಪಟ್ಟಿ) ಮಾಪನದಲ್ಲಿ: 40 ಅಂಶ, ಒಂದೊಂದಕ್ಕೂ 1ರಿಂದ 5. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಅಂತಲೇ ಲೆಕ್ಕ. ಅದರಲ್ಲಿ 9 ಅಂಶ ಮಾತು-ಭಾಷೆಯವು. ನಿರರ್ಗಳವಾಗಿ ಮಾತಾಡೋ ವಯಸ್ಕರಿಗೆ ಅಲ್ಲೇ ಅಂಕ ಇಳಿಯುತ್ತೆ. ವಯಸ್ಕರಿಗೆ ಇದು ಸರಿಯಾದ ಅಳತೆಗೋಲಲ್ಲ ಅನ್ನೋದು ನನ್ನ ಅಭಿಪ್ರಾಯ.

ಕಾಗದದೋಣಿ:
ಥ್ಯಾಂಕ್ಸ್. ಅಮ್ಮನ್ನ ಕೇಳಿದ್ರೆ ‘ಚೆನ್ನಾಗೇ ಇದ್ಯಲ್ಲ’ ಅಂತಾರೆ, ಅಷ್ಟೇ. ಆಟಿಸಂ ಅಂತ ಹೇಳಿಯೇ ಕೇಳಬೇಕಾ?

ಹಳೇಸ್ಲೇಟು:
ಮೊದಲೇ ಹೇಳಬೇಡಿ. ಹೇಳಿದರೆ ತಮ್ಮದೇ ತಪ್ಪು ಅಂದುಕೊಂಡು ಎಲ್ಲಕ್ಕೂ ‘ಇಲ್ಲ’ ಅನ್ನೋ ಸಂಭವ ಹೆಚ್ಚು. ‘ಹೇಗಿದ್ದೆ’ ಅಂತಲೂ ಕೇಳಬೇಡಿ, ಒಂದೊಂದು ಸಂದರ್ಭ ಹಿಡಿದು ಕೇಳಿ: ಜಾತ್ರೆಗೆ ಕರಕೊಂಡು ಹೋದಾಗ ಡೊಳ್ಳಿನ ಸದ್ದಿಗೆ ಏನು ಮಾಡ್ತಿದ್ದೆ? ಮನೆ ಬದಲಾಯಿಸಿದ ವಾರ ನಿದ್ದೆ ಮಾಡ್ತಿದ್ನಾ? ಮೊದಲ ಮಾತು ಎಷ್ಟು ತಿಂಗಳಿಗೆ ಬಂತು, ಅಕ್ಕನಿಗಿಂತ ಮುಂಚೆಯೋ ತಡವೋ? ಸೋದರತ್ತೆ, ದೊಡ್ಡಣ್ಣ ಇದ್ದರೆ ಅವರನ್ನೂ ಕೇಳಿ. ಹಳೇ ಮಾರ್ಕ್ಸ್ ಕಾರ್ಡ್ ಸಿಕ್ಕರೆ ಟೀಚರ್ ಷರಾ ಬರೆದ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ.