ಕಾರೋ ರೈಲೋ ಅಂತ ಕೇಳಿದ ಸುಮಾಗೆ

ಸುಮಾ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ಎರಡು ದಿನಕ್ಕೆ ಬೆಟ್ಟಕ್ಕೆ ಹೊರಟಿದೀವಿ, ಅಮ್ಮ, ಪುಟ್ಟಿ ಎಲ್ಲ ಇರ್ತಾರೆ, ಕಾರಲ್ಲಿ ಹೋಗೋದೋ ರೈಲಲ್ಲೋ, ಆ ತಿರುವುಗಳನ್ನ ಹತ್ತೋದು ನೆನೆಸಿಕೊಂಡ್ರೆ ಭಯ ಆಗತ್ತೆ ಅಂತ ಕೇಳಿದೀಯ. ಹತ್ತೋದಕ್ಕೆ ಅಷ್ಟು ಹೆದರಬೇಡ. ಎಂಜಿನ್ ಒದ್ದಾಡತ್ತೆ, ಎಂಜಿನ್ ಬಿಸಿ ತೋರಿಸೋ ಮುಳ್ಳು ಮೇಲೆ ಹೋದ್ರೆ ಎಸಿ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿದ್ರೆ ಆಯ್ತು. ಅಪಾಯ ಇರೋದು ಇಳಿಯೋವಾಗ.

ಬೆಟ್ಟ ಇಳಿಯೋವಾಗ ಬ್ರೇಕ್ ಕೈಕೊಟ್ಟ ಆ ಬಾಡಿಗೆ ಗಾಡಿ ವಿಷಯ ಈ ಗ್ರೂಪಲ್ಲಿರೋ ನಿಮಗೆಲ್ಲ ಗೊತ್ತೇ ಇದೆ, ಅತ್ತೆ ಮುಂದಿನ ಸೀಟಲ್ಲಿದ್ರಲ್ಲ, ಅದೇ. ಡೀಸೆಲ್ ಉಳಿಯತ್ತೆ ಅಂತ ಡ್ರೈವರು ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಸ್ತಾ ಬಂದ. ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ಲು ಒದ್ದೆ ಬಟ್ಟೆ ತುಳಿದ ಹಾಗೆ ಮೆತ್ತಗೆ ಕೆಳಗೆ ಹೋಯ್ತು. ಅವನು ಪೆಡಲ್ಲನ್ನ ಪಟಪಟ ಅಂತ ಒತ್ತಿ ಒತ್ತಿ, ಎರಡನೇ ಗೇರಿಗೆ, ಒಂದನೇ ಗೇರಿಗೆ ತಂದು, ಹ್ಯಾಂಡ್‌ಬ್ರೇಕನ್ನ ಸ್ವಲ್ಪ ಸ್ವಲ್ಪವಾಗಿ ಎಳೆದು, ಬೆಟ್ಟದ ಗೋಡೆ ಕಡೆಗೆ ತಂದು ನಿಲ್ಲಿಸಿದ. ಒಂದೇ ಸಲ ಎಳೆದಿದ್ರೆ ಹಿಂದಿನ ಚಕ್ರ ಜಾರಿ ಗಾಡಿ ಅಡ್ಡ ತಿರುಗ್ತಿತ್ತು.

ಯಾಕೆ ಹಾಗಾಗತ್ತೆ ಅಂದ್ರೆ, ಪೆಡಲ್ ಒತ್ತಿದ ಬಲವನ್ನ ಚಕ್ರಕ್ಕೆ ತಲುಪಿಸೋದು ಬ್ರೇಕ್ ಆಯಿಲ್, ಅದು ಗಾಳಿಯಲ್ಲಿರೋ ನೀರಿನ ಅಂಶ ಎಳ್ಕೊಳ್ಳತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದ್ರೂ 230 ಡಿಗ್ರಿ ತನಕ ಕುದಿಯಲ್ಲ. ನೀರು ಸೇರಿದ ಮೇಲೆ 155ರ ಹತ್ತಿರಾನೇ ಕುದಿಯಬಹುದು. ಕುದ್ದರೆ ಒಳಗೆ ಆವಿಯ ಗುಳ್ಳೆ ಆಗತ್ತೆ, ನೀನು ಒತ್ತಿದ್ದು ಆ ಗುಳ್ಳೆಯನ್ನ ಅಮುಕೋದಕ್ಕೇ ಖರ್ಚಾಗತ್ತೆ, ಚಕ್ರಕ್ಕೆ ತಲುಪಲ್ಲ. ಚಕ್ರದ ಡಿಸ್ಕನ್ನ ಅಮುಕಿ ಹಿಡಿಯೋ ಪ್ಯಾಡುಗಳೂ ಅತಿ ಬಿಸಿಯಾದ್ರೆ ಹಿಡಿತ ಬಿಡ್ತಾವೆ. ಇನ್ನು ಆ ಡೀಸೆಲ್ ಲೆಕ್ಕವೂ ತಪ್ಪು. ಈಗಿನ ಎಂಜಿನ್‌ಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಹೋಗೋದೇ ನಿಲ್ಲತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗೋದಕ್ಕೆ ಇಂಧನ ಬೇಕೇ ಬೇಕು. ಎಂಜಿನ್ನೇ ಆಫ್ ಮಾಡೋರೂ ಇದಾರೆ. ಆಫ್ ಮಾಡಿದ್ರೆ ಎರಡು ಮೂರು ಸಲ ಒತ್ತೋ ಅಷ್ಟರಲ್ಲಿ ಬ್ರೇಕು ಕಲ್ಲಾಗತ್ತೆ, ಸ್ಟೇರಿಂಗೂ ಗಟ್ಟಿಯಾಗತ್ತೆ.

ಅದಕ್ಕೇ ಹೇಳ್ತೀನಿ, ಯಾವ ಗೇರಲ್ಲಿ ಹತ್ತುತ್ತೀವೋ ಅದೇ ಗೇರಲ್ಲಿ ಇಳೀಬೇಕು, ಆಗ ಎಂಜಿನ್ನೇ ಗಾಡಿಯನ್ನ ಹಿಡಿದಿಡತ್ತೆ. ಕಾಲು ಬ್ರೇಕ್ ಮೇಲೆ ಕೂತೇ ಇರಬಾರದು. ತಿರುವಿಗೆ ಮುಂಚೆ ಒಂದು ಸಲ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಬೇಕು. ಆಟೋಮ್ಯಾಟಿಕ್ ಆದ್ರೆ ಬರೀ ಡಿಯಲ್ಲಿ ಬಿಡಬೇಡಿ, ಎಲ್ (ಕಡಿಮೆ ಗೇರು) ಇಲ್ಲವೇ ಮ್ಯಾನ್ಯುವಲ್‌ಗೆ ಹಾಕಿ. ಸುಟ್ಟ ವಾಸನೆ ಬಂದ ತಕ್ಷಣ ನಿಲ್ಲಿಸಿ, ಗೇರಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡಿಸ್ಕ್ ಮೇಲೆ ನೀರು ಮಾತ್ರ ಹೊಯ್ಯಬೇಡಿ, ಸೊಟ್ಟಗಾಗತ್ತೆ, ಬಿರುಕೂ ಬಿಡಬಹುದು.

ಈ ಬ್ರೇಕ್ ಆಯಿಲನ್ನ ಎರಡು ವರ್ಷಕ್ಕೊಂದು ಸಲ ಬದಲಾಯಿಸಬೇಕು ಅಂತ ಬಹಳ ಗಾಡಿಗಳ ಪುಸ್ತಕದಲ್ಲೇ ಇರತ್ತೆ. ಯಾರು ಓದ್ತಾರೆ? ಗ್ಯಾರೇಜಿನವರು ಗಾಡಿ ತೊಳೆದು ಮಿಂಚೋ ಹಾಗೆ ಮಾಡಿ ಕೊಟ್ರೆ ನಿಮಗೆಲ್ಲ ಸರ್ವಿಸ್ ಆಯ್ತು. ಅದಕ್ಕಿಂತ ನನಗೆ ಬೇಜಾರು ಇನ್ನೊಂದು. ಈ ಗ್ರೂಪಲ್ಲಿ ಪ್ರವಾಸ ಅಂದ ತಕ್ಷಣ ಪೆಟ್ರೋಲ್ ಎಷ್ಟು, ಟಿಕೆಟ್ ಎಷ್ಟು ಅಂತ ಎಲ್ಲರೂ ಲೆಕ್ಕ ಹಾಕ್ತೀರಿ. ಓಡಿಸೋನ ನಿದ್ದೆ ಎಷ್ಟು ಅಂತ ಒಬ್ಬರೂ ಕೇಳಲ್ಲ. ನಿಮ್ಮ ಮನೇಲಿ ಗಾಡಿ ಓಡಿಸೋ ರಮೇಶ ಶುಕ್ರವಾರ ರಾತ್ರಿ ಪಾಳಿ ಮುಗಿಸಿ ಬಂದು ಬೆಳಗಿನ ಜಾವ ನಾಲ್ಕಕ್ಕೆ ಸ್ಟೇರಿಂಗ್ ಹಿಡೀಬೇಕು, ನೀವೆಲ್ಲ ಹಿಂದೆ ಮಲಗ್ತೀರಿ. ಭಾನುವಾರ ಎಲ್ಲರೂ ಸುತ್ತಿ ಸುಸ್ತಾದ ಮೇಲೆ, ಕತ್ತಲಲ್ಲಿ, ಮಂಜಲ್ಲಿ ಅವನೇ ಇಳಿಸಬೇಕು. ಬೆಟ್ಟ ನೋಡೋಕೆ ಹೋದ ಮನುಷ್ಯ ನೋಡಿದ್ದು ಮುಂದಿನ ಲಾರಿಯ ಹಿಂಬದಿ ಮಾತ್ರ. ಅವನು ಬಾಯಿ ಬಿಟ್ಟು ಹೇಳಲ್ಲ, ನಿಮಗೆ ಗೊತ್ತಲ್ಲ ಅವನ ಸ್ವಭಾವ. ಮನೇಲಿ ಗಾಡಿ ಓಡಿಸೋರು ಒಬ್ಬರೇ ಆದ್ರೆ ಅವರಿಗೂ ಅದು ರಜೆ ಅನ್ನೋದು ನೆನಪಿರಬೇಕು.

ಇನ್ನೊಂದು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹತ್ತಿದ ಗೇರಲ್ಲೇ ಇಳೀರಿ, ನ್ಯೂಟ್ರಲ್ ಬೇಡವೇ ಬೇಡ.

ಅಯ್ಯೋ, ನೀನು ಕೇಳಿದ್ದು ಕಾರೋ ರೈಲೋ ಅಂತ ಅಲ್ವಾ. ರೈಲು ಅಷ್ಟು ಕಡಿದಾಗಿ ಹತ್ತೋದೇ ಇಲ್ಲಮ್ಮ. ತೀರಾ ಕಡಿದಾದ ಕಡೆ ಹಳಿ ಮಧ್ಯೆ ಹಲ್ಲಿನ ಪಟ್ಟಿ ಇರತ್ತೆ, ನೀಲಗಿರಿ ರೈಲಿಗೆ ಇರೋ ಹಾಗೆ, ಅಲ್ಲಿ 12 ಅಡಿಗೆ 1 ಅಡಿ ಏರು. ರೈಲಲ್ಲಿ ಪುಟ್ಟಿ ಎದ್ದು ಓಡಾಡಬಹುದು, ಅಮ್ಮನ ಮಂಡಿ ಮಡಚಿಕೊಂಡೇ ಇರಬೇಕಾಗಿಲ್ಲ. ಆದ್ರೆ ರೈಲಿನ ತೊಂದರೆ ಕೊನೆಯ ತುಂಡು. ಸ್ಟೇಷನ್ನಿಂದ ರೂಮಿಗೆ ಎಷ್ಟು ದೂರ, ಆ ಹೊತ್ತಲ್ಲಿ ಗಾಡಿ ಸಿಗತ್ತಾ, ಮೆಟ್ಟಿಲು ಎಷ್ಟು, ಇದನ್ನ ರೂಮಿನವರಿಗೆ ಫೋನ್ ಮಾಡಿ ಕೇಳು. ಮನೆ ಬಾಗಿಲಿಂದ ರೂಮಿನ ಬಾಗಿಲ ತನಕ ಗಂಟೆ ಲೆಕ್ಕ ಹಾಕು. ರೈಲಿಗೆ ಸ್ಟೇಷನ್ನಲ್ಲಿ ಕಾಯೋ ಅರ್ಧ ಗಂಟೆ ಸೇರಿಸು. ಕಾರಿಗೆ ಮ್ಯಾಪು ತೋರಿಸಿದ್ದಕ್ಕೆ ಮೂರನೇ ಒಂದು ಪಾಲು ಸೇರಿಸು, ಪುಟ್ಟಿ ಇದ್ರೆ ಎರಡು ಗಂಟೆಗೊಮ್ಮೆ ನಿಲ್ಲಿಸಲೇಬೇಕು. ಒಂದು ಕಡೆಗೇ ಐದು ಗಂಟೆ ದಾಟಿದ್ರೆ, ಓಡಿಸೋರು ಒಬ್ಬರೇ ಆದ್ರೆ, ಎರಡು ದಿನಕ್ಕೆ ಕಾರು ಬೇಡ. ನೋಡೋ ಜಾಗಗಳು ಚೆಲ್ಲಾಪಿಲ್ಲಿಯಾಗಿದ್ದು, ದಾರಿ ಮೂರು ಗಂಟೆ ಒಳಗಿದ್ದು, ಹಗಲಲ್ಲೇ ಇಳಿದು ಬಿಡೋ ಹಾಗಿದ್ರೆ ಕಾರು ಸರಿ.

ನಿಮ್ಮ ಮನೆಗೆ ನನ್ನ ಮಾತು ಇದು, ಬೆಟ್ಟದ ಬುಡದವರೆಗೆ ರೈಲು, ಅಲ್ಲಿಂದ ಆ ದಾರೀಲಿ ದಿನಾ ಓಡಿಸೋ ಡ್ರೈವರ್ ಇರೋ ಗಾಡಿ. ಹೋಗೋ ಟಿಕೆಟ್‌ಗಿಂತ ಮೊದಲು ಬರೋ ಟಿಕೆಟ್ ಸಿಗತ್ತಾ ನೋಡು, ಭಾನುವಾರ ಸಂಜೆಯದ್ದು ಬೇಗ ಮುಗಿಯತ್ತೆ. ಕೊನೇ ರೈಲು ಬೇಡ, ಅದಕ್ಕಿಂತ ಮುಂಚಿನದು ಹಿಡಿ. ಮಳೆಗಾಲದಲ್ಲಿ ಗುಡ್ಡ ಕುಸಿದ್ರೆ ಹಳಿಯೂ ರಸ್ತೆಯೂ ಎರಡೂ ಮುಚ್ತಾವೆ, ಹೊರಡೋ ದಿನ ಬೆಳಿಗ್ಗೆ ವಿಚಾರಿಸು. ಪುಟ್ಟಿಗೆ ವಾಂತಿ ಮಾತ್ರೆ ಬೇಕಾ, ಎಷ್ಟು ಕೊಡಬೇಕು ಅಂತ ಡಾಕ್ಟರ್ ಹತ್ರ ಈ ವಾರಾನೇ ಕೇಳಿಟ್ಕೋ, ಗಾಡಿ ಹತ್ತೋಕೆ ಎಷ್ಟು ಮುಂಚೆ ಕೊಡಬೇಕು ಅಂತಾನೂ ಕೇಳು. ತಿರುವುಗಳಲ್ಲಿ ಮೊಬೈಲ್ ಕೈಗೆ ಕೊಡಬೇಡಿ. ರೂಮಿನವರು ಏನಂದ್ರು ಅಂತ ರಾತ್ರಿ ನನಗೆ ಫೋನ್ ಮಾಡು.