ಸರಾಸರಿ ಏರಿದರೂ ಹಿಂದುಳಿದ ಮಕ್ಕಳು ಇದ್ದಲ್ಲೇ ಇದ್ದಾರೆ: ಮುಖ್ಯ ಶಿಕ್ಷಕರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಹೊಸ ಮುಖ್ಯ ಶಿಕ್ಷಕಿ)

ಕಳೆದ ವರ್ಷ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿಯಾಗಿ ಜವಾಬ್ದಾರಿ ವಹಿಸಿಕೊಂಡೆ. ಶಾಲೆಯ ಒಟ್ಟು ಫಲಿತಾಂಶ ಸುಧಾರಿಸಿದ್ದು, ಆಡಳಿತ ಮಂಡಳಿಗೂ ಪೋಷಕರಿಗೂ ಸಮಾಧಾನವಾಗಿದೆ. ಆದರೆ ಅಂಕಪಟ್ಟಿಯನ್ನು ಬಿಡಿಸಿ ನೋಡಿದಾಗ, ಏರಿಕೆಯೆಲ್ಲ ಮಧ್ಯಮ ಮತ್ತು ಮೇಲಿನ ಹಂತದ ಮಕ್ಕಳದ್ದೇ ಎಂಬುದೂ, ಮೊದಲಿನಿಂದ ಹಿಂದುಳಿದವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದಾರೆ ಎಂಬುದೂ ಸ್ಪಷ್ಟವಾಯಿತು. ಅವರಿಗಾಗಿ ಸಂಜೆ ವಿಶೇಷ ತರಗತಿ ನಡೆಸುತ್ತಿದ್ದೇವೆ. ಬರುವವರು ಕಡಿಮೆ, ಬಂದವರೂ ದಣಿದಿರುತ್ತಾರೆ. ಕಡತ, ಸಭೆ, ಸುತ್ತೋಲೆಗಳಲ್ಲಿಯೇ ದಿನ ಕಳೆದುಹೋಗುವ ಸ್ಥಿತಿಯಲ್ಲಿ, ಎಲ್ಲ ಮಕ್ಕಳ ಕಲಿಕೆಯೂ ಮೇಲೇರುವಂತೆ ಮಾಡಲು ಮುಖ್ಯ ಶಿಕ್ಷಕರು ತಮ್ಮ ಸಮಯವನ್ನು ಯಾವುದಕ್ಕೆ ಮೀಸಲಿಡಬೇಕು?

ಉತ್ತರ 1 (ನಿವೃತ್ತ ಮುಖ್ಯ ಶಿಕ್ಷಕ)

ವಿಶೇಷ ತರಗತಿಯ ವಿಚಾರವನ್ನು ಸ್ವಲ್ಪ ಬದಿಗಿಟ್ಟು ಶಾಲೆಯ ವೇಳಾಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಅತ್ಯಂತ ಹಿಂದುಳಿದ ಮಕ್ಕಳಿಗೆ ಗಣಿತವನ್ನೂ ಭಾಷೆಯನ್ನೂ ಕಲಿಸುತ್ತಿರುವವರು ಯಾರು ಎಂದು ನೋಡಿ. ಅನೇಕ ಶಾಲೆಗಳಲ್ಲಿ ನುರಿತ ಶಿಕ್ಷಕರು ಅಂತಿಮ ಪರೀಕ್ಷೆಯ ತರಗತಿಗೂ ‘ಒಳ್ಳೆಯ’ ವಿಭಾಗಕ್ಕೂ ಹೋಗುತ್ತಾರೆ. ಹೊಸಬರು ಮತ್ತು ತಾತ್ಕಾಲಿಕ ಶಿಕ್ಷಕರ ಪಾಲಿಗೆ ಕೆಳಗಿನ ತರಗತಿಗಳು ಬರುತ್ತವೆ. ಹೀಗೇ ಇರಬೇಕೆಂದು ಯಾರೂ ಕೂತು ತೀರ್ಮಾನಿಸಿರುವುದಿಲ್ಲ, ರೂಢಿಯಲ್ಲಿ ಬಂದಿರುತ್ತದೆ. ಆದ್ದರಿಂದಲೇ ಅದನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ಸಂಜೆಯ ಒಂದು ಗಂಟೆಯಲ್ಲಿ ಸರಿಪಡಿಸಲು ಹೊರಟಿರುವ ಕೊರತೆ ಹಗಲಿನ ಪಾಠದಲ್ಲಿಯೇ ಹುಟ್ಟುತ್ತಿದ್ದರೆ, ಯಾರು ಯಾರಿಗೆ ಕಲಿಸಬೇಕೆಂಬ ಹಂಚಿಕೆಯೇ ನಿಮ್ಮ ಕೈಯಲ್ಲಿರುವ ಅತಿದೊಡ್ಡ ಉಪಾಯ.

ಉತ್ತರ 2 (ಶಿಕ್ಷಣ ಸಂಶೋಧನೆಯ ವಿದ್ಯಾರ್ಥಿನಿ)

ಮೇಲಿನ ಮಾತಿಗೆ ಸಂಶೋಧನೆಯ ಹಿನ್ನೆಲೆಯನ್ನು ಸೇರಿಸುತ್ತೇನೆ. ಅಮೆರಿಕದಲ್ಲಿ 1966ರಲ್ಲಿ ಪ್ರಕಟವಾದ ಜೇಮ್ಸ್ ಕೋಲ್ಮನ್ ಅವರ ವರದಿಯು, ಮಕ್ಕಳ ಸಾಧನೆಯ ವ್ಯತ್ಯಾಸಗಳಿಗೆ ಶಾಲೆಯ ಸೌಕರ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣ ಎಂಬ ಅಭಿಪ್ರಾಯವನ್ನು ಬಲಪಡಿಸಿತು. ಇದನ್ನು ಒಪ್ಪದ ರಾನ್ ಎಡ್ಮಂಡ್ಸ್, ಬಡ ಮಕ್ಕಳೂ ಚೆನ್ನಾಗಿ ಕಲಿಯುತ್ತಿದ್ದ ಶಾಲೆಗಳನ್ನು ಹುಡುಕಿ, ದೃಢವಾದ ನಾಯಕತ್ವ, ಪ್ರತಿ ಮಗುವಿನ ಬಗ್ಗೆಯೂ ಉನ್ನತ ನಿರೀಕ್ಷೆ ಮತ್ತು ಪ್ರಗತಿಯ ನಿರಂತರ ಪರಿಶೀಲನೆ ಅಲ್ಲಿನ ಸಮಾನ ಲಕ್ಷಣಗಳೆಂದು 1979ರಲ್ಲಿ ವಾದಿಸಿದರು. ಆದರೆ ‘ದೃಢವಾದ ನಾಯಕತ್ವ’ ಎಂದರೆ ದಿನನಿತ್ಯ ಏನು ಮಾಡುವುದು? ಈ ಬಗ್ಗೆ ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಹ ಸಂಶೋಧಕರು ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೆಚ್ಚು ಉಪಯುಕ್ತ. ಸ್ಫೂರ್ತಿ ತುಂಬುವುದಕ್ಕೆ ಒತ್ತುಕೊಡುವ ನಾಯಕತ್ವಕ್ಕಿಂತ ಬೋಧನೆಯ ಮೇಲೆಯೇ ಗಮನವಿಡುವ ನಾಯಕತ್ವದ ಪರಿಣಾಮ ಮೂರರಿಂದ ನಾಲ್ಕು ಪಟ್ಟು ಹೆಚ್ಚಾಗಿ ಕಂಡಿತು. ಅದರಲ್ಲಿಯೂ, ಶಿಕ್ಷಕರ ಕಲಿಕೆಯನ್ನು ಏರ್ಪಡಿಸಿ ಅದರಲ್ಲಿ ತಾವೂ ಪಾಲ್ಗೊಳ್ಳುವ ಮುಖ್ಯಸ್ಥರ ಪರಿಣಾಮ ಎಲ್ಲಕ್ಕಿಂತ ಮಿಗಿಲಾಗಿತ್ತು. ತರಬೇತಿಯನ್ನು ಉದ್ಘಾಟಿಸಿ ಕಚೇರಿಗೆ ಮರಳುವುದು ಪಾಲ್ಗೊಳ್ಳುವಿಕೆಯಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅಳತೆಯ ಬಗ್ಗೆಯೂ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ ಬಹುಕಾಲ, ಐದು ವಿಷಯಗಳಲ್ಲಿ ‘ಸಿ’ ಅಥವಾ ಅದಕ್ಕಿಂತ ಮೇಲಿನ ಶ್ರೇಣಿ ಪಡೆದವರ ಪ್ರಮಾಣದಿಂದ ಪ್ರೌಢಶಾಲೆಗಳನ್ನು ಅಳೆಯಲಾಗುತ್ತಿತ್ತು. ಇದರಿಂದ ‘ಸಿ’ ಮತ್ತು ‘ಡಿ’ ನಡುವಿನ ಮಕ್ಕಳಿಗೆ ವಿಶೇಷ ಆರೈಕೆ ದೊರೆಯಿತು. ತೀರಾ ಕೆಳಗಿದ್ದವರ ಮೇಲೆ ಶ್ರಮಪಡಲು ಶಾಲೆಗಳಿಗೆ ಕಾರಣವೇ ಉಳಿಯಲಿಲ್ಲ. 2016ರಿಂದ ‘ಪ್ರೋಗ್ರೆಸ್ 8’ ಎಂಬ ಅಳತೆ ಬಂದು, ಪ್ರಾಥಮಿಕ ಹಂತದ ಕೊನೆಯಲ್ಲಿ ಒಂದೇ ಮಟ್ಟದಲ್ಲಿದ್ದ ಇತರರಿಗೆ ಹೋಲಿಸಿದರೆ ಪ್ರತಿ ವಿದ್ಯಾರ್ಥಿ ಎಷ್ಟು ಮುಂದೆ ಬಂದಿದ್ದಾನೆ ಎಂಬುದು ಲೆಕ್ಕಕ್ಕೆ ಬಂದಿತು. ಆ ಅಳತೆಗೂ ಟೀಕಾಕಾರರಿದ್ದಾರೆ. ಆದರೂ ನಿಮ್ಮ ಶಾಲೆಯೊಳಗೆ ಉತ್ತೀರ್ಣರ ಪ್ರಮಾಣದ ಪಕ್ಕದಲ್ಲಿ, ವರ್ಷಾರಂಭದಲ್ಲಿ ಅತಿ ಕಡಿಮೆ ಅಂಕ ಪಡೆದ ಕಾಲುಭಾಗ ಮಕ್ಕಳ ಪ್ರಗತಿಯನ್ನು ಪ್ರತ್ಯೇಕವಾಗಿ ಬರೆದಿಡಲು ಯಾರ ಅನುಮತಿಯೂ ಬೇಕಾಗಿಲ್ಲ.

ಉತ್ತರ 3 (ಗಣಿತ ಶಿಕ್ಷಕ)

ಇಲ್ಲಿಯವರೆಗಿನ ಮಾತುಗಳನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಸೂಚಿಸುತ್ತೇನೆ. ಬೋಧನೆಯ ಮೇಲೆ ಗಮನ ಎಂದಾಕ್ಷಣ ಮುಖ್ಯಸ್ಥರು ನಮೂನೆಯ ಹಾಳೆ ಹಿಡಿದು ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತಾರೆ, ಶಿಕ್ಷಕರು ಆ ದಿನಕ್ಕೆಂದೇ ತಯಾರಿಸಿದ ಪಾಠವನ್ನು ಒಪ್ಪಿಸುತ್ತಾರೆ, ಇಬ್ಬರಿಗೂ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಮಕ್ಕಳ ನೋಟುಪುಸ್ತಕಗಳನ್ನು ಶಿಕ್ಷಕರೊಂದಿಗೆ ಕೂತು ಓದುವುದು ಮೇಲು. ಎಂಟನೆಯ ತರಗತಿಯ ಹುಡುಗನೊಬ್ಬ 306ನ್ನು 3ರಿಂದ ಭಾಗಿಸಿ 12 ಎಂದು ಬರೆದಿರುತ್ತಾನೆ. ಕೆಂಪು ಶಾಯಿಯಲ್ಲಿ ‘ಗಮನವಿಟ್ಟು ಮಾಡು’ ಎಂದು ಬರೆದು ಮುಂದೆ ಹೋಗಬಹುದು. ಆದರೆ ಅದೇ ಪುಟದಲ್ಲಿ 804ನ್ನು 4ರಿಂದ ಭಾಗಿಸಿದಾಗಲೂ 21 ಬಂದಿದ್ದರೆ, ಅದು ಗಮನದ ಕೊರತೆಯಲ್ಲ. ಹತ್ತರ ಸ್ಥಾನದ ಸೊನ್ನೆಯನ್ನು ಏಕೆ ಬಿಡಬಾರದೆಂಬುದು ಅವನಿಗೆ ತಿಳಿದಿಲ್ಲ. ಸ್ಥಾನಬೆಲೆಯೇ ಗಟ್ಟಿಯಾಗದ ಮಗುವಿಗೆ ಸಂಜೆ ಬೀಜೋಕ್ತಿಗಳನ್ನು ಇನ್ನೊಮ್ಮೆ ಹೇಳಿಕೊಟ್ಟರೆ ಅದು ತಪ್ಪಿಸಿಕೊಳ್ಳದೆ ಮತ್ತೇನು ಮಾಡೀತು? ವಿಶೇಷ ತರಗತಿಯ ಹಾಜರಾತಿ ಕಡಿಮೆಯಾಗಲು ದಣಿವಿನಷ್ಟೇ ಇದೂ ಕಾರಣವಿರಬಹುದು.

ಪ್ರಶ್ನೆ ಕೇಳಿದವರು

ನೋಟುಪುಸ್ತಕಗಳ ಸಲಹೆಯನ್ನು ಕೂಡಲೇ ಆರಂಭಿಸಬಹುದು. ಆದರೆ ಅಂತಿಮ ತರಗತಿಯನ್ನು ಬಿಟ್ಟುಕೊಡಲು ಹಿರಿಯ ಶಿಕ್ಷಕರು ಒಪ್ಪುವುದಿಲ್ಲ. ಅದನ್ನು ಅವರು ತಮ್ಮ ಹಿರಿತನಕ್ಕೆ ಸಂದ ಗೌರವವೆಂದು ಭಾವಿಸಿದ್ದಾರೆ.

ಉತ್ತರ 1 (ನಿವೃತ್ತ ಮುಖ್ಯ ಶಿಕ್ಷಕ)

ಅವರ ಭಾವನೆ ಸಹಜವಾದದ್ದು, ಆದ್ದರಿಂದ ಆಜ್ಞೆ ಹೊರಡಿಸಬೇಡಿ. ಅಂತಿಮ ತರಗತಿ ಅವರಲ್ಲಿಯೇ ಇರಲಿ. ಜೊತೆಗೆ ಪ್ರವೇಶದ ತರಗತಿಯ ಒಂದು ವಿಭಾಗವನ್ನು ವಹಿಸಿಕೊಳ್ಳುವಂತೆ ಕೇಳಿ, ಬದಲಾಗಿ ಅವರ ಹೆಗಲ ಮೇಲಿರುವ ಸಮಿತಿ, ಸಮಾರಂಭ, ದಾಖಲೆಗಳ ಹೊರೆಯನ್ನು ನಿಜವಾಗಿಯೂ ಇಳಿಸಿ. ಅವರೂ ಕಿರಿಯ ಶಿಕ್ಷಕರೂ ಒಟ್ಟಿಗೆ ನೋಟುಪುಸ್ತಕ ನೋಡಲು ವಾರಕ್ಕೊಂದು ಅವಧಿಯನ್ನು ವೇಳಾಪಟ್ಟಿಯಲ್ಲಿಯೇ ನಮೂದಿಸಿ, ಯಾರಾದರೂ ರಜೆ ಹಾಕಿದರೆ ಆ ಅವಧಿಯನ್ನು ಬದಲಿ ಪಾಠಕ್ಕೆ ಕಿತ್ತುಕೊಳ್ಳುವುದಿಲ್ಲವೆಂದು ಲಿಖಿತವಾಗಿ ತಿಳಿಸಿ. ಆ ಅವಧಿಯಲ್ಲಿ ಕಚೇರಿಯ ಕರೆ ಬಂದರೂ ನೀವು ಎದ್ದು ಹೋಗಬೇಡಿ.